ಕೈಸೂಜಿ

ಫೆಬ್ರವರಿ 5

ಇವತ್ತೂ ಫೋನು. ಇವರು ಬಾವಿಕಟ್ಟೆಯಲ್ಲಿ ಹಲ್ಲುಜ್ಜುತ್ತಿದ್ದರು. ಮೊಬೈಲು ಹಾಸಿಗೆ ಮೇಲೆ ಬಿದ್ದು ಒದ್ದಾಡುತ್ತಿತ್ತು. ‘ರೂಪಾಲಿ ಮೇಡಂ’ ಅಂತ ಹೆಸರು. ಎತ್ತಿದೆ.

‘ಜಗದೀಶ? ಹೊರಟ್ರಾ?’

ಬರೀ ಜಗದೀಶ. ಕಟ್ಟಿಕೊಂಡ ನಾನು ಮೂರು ವರ್ಷದಿಂದ ‘ಇವರು, ಇವರು’ ಅನ್ನುತ್ತ ಬಂದಿದ್ದೇನೆ. ಅವಳಿಗೆ ಎಷ್ಟು ಸಲೀಸು. ನಾನು ಉಸಿರೆತ್ತಲಿಲ್ಲ. ಅವಳೇ ಇಟ್ಟಳು.

ಯಾರು ಅಂತ ಕೇಳಿದೆ. ಬಾಯಲ್ಲಿ ಪೇಸ್ಟು ಇಟ್ಟುಕೊಂಡೇ ಹೇಳಿದರು. ‘ಕಂಪನಿ ಸೇಫ್ಟಿ ಮೇಡಮ್ಮು. ಹೊಸ ರೂಲ್ಸು. ಬೆಳಿಗ್ಗೆ ಲಗೂ ಹೋಗಿ ಹಾಜರಿ ಹಾಕ್ಬೇಕು.’ ಮುಖ ಮಾತ್ರ ಈ ಕಡೆ ತಿರುಗಿಸಲಿಲ್ಲ.

ವೆಲ್ಡರನಿಗೆ ಸೇಫ್ಟಿ ಇರಲಿ, ಬೇಡ ಅಂದವರು ಯಾರು. ಆದರೆ ಸೇಫ್ಟಿಗೆ ಪೌಡರ್ ಹಚ್ಚಿಕೊಂಡು ಹೋಗಬೇಕೇ?

ಫೆಬ್ರವರಿ 9, ಭಾನುವಾರ

ಭಾನುವಾರವೂ ಹೋದರು. ನಾನೇ ಹೊಲಿದ ನೀಲಿ ಶರ್ಟು, ಉದ್ದ ತೋಳಿನದು. ಈಗೀಗ ಉದ್ದ ತೋಳೇ ಬೇಕು. ಹಟ್ಟಿಕೇರಿಯ ಈ ಸೆಕೆಯಲ್ಲಿ. ತೋಳಿನ ಅಳತೆ ತೆಗೆಯುತ್ತೇನೆ ಅಂದರೆ ಹಳೇ ಶರ್ಟು ಕೊಟ್ಟು ‘ಇದರಂಗೇ ಹೊಲಿ’ ಅನ್ನುತ್ತಾರೆ. ಅಂಕೋಲೆಯ ಅರ್ಧ ಊರಿನ ಅಳತೆ ತೆಗೆದವಳು ನಾನು. ಗಂಡನ ತೋಳು ಮಾತ್ರ ಮುಟ್ಟುವ ಹಾಗಿಲ್ಲ.

ಅತ್ತೆಗೆ ಹೇಳಿದೆ. ಅವರು ಶೆಟ್ಲಿ ಸಿಗಡಿ ಒಣಗಿಸುತ್ತಿದ್ದರು. ‘ದುಡೂಕೆ ಹೋಗು ಗಂಡಸ್ರನ್ನ ಹಿಂಗೆ ಹಿಡ್ದು ಕೇಳುದಲ್ಲ ಹೆಣೆ. ಹೋಗ್ಲಿ ಬಿಡು, ಸಂಜಿಗೆ ಮನೆಗೆ ಬತ್ನಲ್ಲ.’

ಬರುತ್ತಾರೆ. ಬಂದು ಹಾಸಿಗೆ ಮೇಲೆ ಬೀಳುತ್ತಾರೆ. ಮೊದಲೆಲ್ಲ ಅಮಿತನ ಜೊತೆ ಸುತ್ತಿ ತಡವಾಗಿ ಬರುತ್ತಿದ್ದರು, ಅದಕ್ಕೂ ಜಗಳ ಆಡಿದ್ದೆ. ಚೆಂಡಿಯಾ ಕಡೆಯ ಅಮಿತ, ಇವರ ಜೊತೆಯೇ ವೆಲ್ಡಿಂಗ್. ನಮ್ಮ ಮದುವೆಯಲ್ಲಿ ಇವರ ಪಕ್ಕ ಬಿಟ್ಟು ಅಲುಗದವನು. ಅವನ ಸುಳಿವೇ ಇಲ್ಲ ಈಗ. ಗೆಳೆಯನ ಜಾಗಕ್ಕೆ ಮೇಡಂ ಬಂದಿದ್ದಾಳೆ.

ಫೆಬ್ರವರಿ 13

ರೋಷನ ಬಂದಿದ್ದ, ಲೇಸು ಗುಂಡಿ ತಗೊಂಡು. ಕಾರವಾರದಿಂದ ವಾರಕ್ಕೊಮ್ಮೆ ನಮ್ಮ ಟೈಲರಿಂಗ್ ಅಂಗಡಿಗೆ ಬರುತ್ತಾನೆ. ಬಾಯಿ ಬೊಂಬಾಯಿ.

‘ವೈನಿ, ನಿಮ್ಮೋರಿಗೆ ಕಾರವಾರದಲ್ಲಿ ಕೆಲಸ ಏನು? ದಿನಾ ಬೆಳಿಗ್ಗೆ ಬಸ್‌ಸ್ಟ್ಯಾಂಡ್ ಹತ್ರ ಕಾಣ್ತಾರೆ.’

ಇವರ ಕೆಲಸ ಅರ್ಗಾದಲ್ಲಿ. ನೇವಿ ಗೇಟಿನ ಹತ್ತಿರ ಇಳಿಯಬೇಕು. ಅದನ್ನು ದಾಟಿ ಕಾರವಾರಕ್ಕೆ ಹೋಗಿ ವಾಪಸ್ ಬರುವುದು ಯಾವ ಹಾಜರಿಗೆ?

ರೋಷನನ ನಂಬರ್ ತೆಗೆದುಕೊಂಡೆ. ಇನ್ನೊಮ್ಮೆ ಕಂಡರೆ ಹೇಳು ಅಂದೆ. ಏನೋ ಸಾಮಾನು ತರಿಸುವುದಿತ್ತು ಅಂತ ಸುಳ್ಳು ಸೇರಿಸಿದೆ.

ಫೆಬ್ರವರಿ 17

ನಿರೋಧ್ ಪ್ಯಾಕೆಟ್ ತಂದಿದ್ದಾರೆ. ಕಪಾಟಿನ ಮೇಲೆ, ಹಳೇ ಕ್ಯಾಲೆಂಡರಿನ ಕೆಳಗೆ.

‘ಪೇಂಟಿನ ಕೆಮಿಕಲ್ಲು ಮೈಯೊಳಗೆ ಹೋಗಿದಂತೆ. ಕಂಪನಿ ಡಾಕ್ಟ್ರು ಮೂರು ತಿಂಗಳು ಮಗು ಬ್ಯಾಡ ಅಂದ್ರು.’

ಮಗು ಬೇಕು ಬೇಕು ಅಂತ ಅತ್ತೆ ಹರಕೆ ಹೊರದ ದೇವರಿಲ್ಲ. ಇವರೂ ಬೇಕು ಅಂದವರೇ. ಈಗ ಕೆಮಿಕಲ್. ಕತ್ತಲಲ್ಲಿ ಮುಖ ಕಾಣುತ್ತಿರಲಿಲ್ಲ. ಸ್ವರ ಮಾತ್ರ ಬಾಯಿಪಾಠ ಒಪ್ಪಿಸುವ ಹುಡುಗನದು.

ನನಗೆ ಗೊತ್ತು. ಅವಳಿಗೆ ಮಾತು ಕೊಟ್ಟಿದ್ದಾರೆ. ಹೆಂಡತಿಗೆ ಮಗು ಆದರೆ ಅವಳ ಬುಡಕ್ಕೆ ಬರುತ್ತದಲ್ಲ. ಬರೆಯುವಾಗಲೂ ಹೊಟ್ಟೆ ಉರಿಯುತ್ತಿದೆ, ಮೆಣಸು ಅರೆದು ಹಚ್ಚಿದ ಹಾಗೆ.

ಫೆಬ್ರವರಿ 27

ರೋಷನನಿಗೆ ಮೂರು ಸಲ ಫೋನು ಮಾಡಿದೆ ಈ ವಾರ. ಕಂಡೆ, ಹೌದು. ಆಸ್ಪತ್ರೆ ರಸ್ತೆ ಕಡೆ ನಡೆದುಕೊಂಡು ಹೋದರು, ಹೌದು. ಹೆಂಗಸು? ಜೊತೆಗೆ ಯಾರೂ ಇರಲಿಲ್ಲ. ಅಲ್ಲಿಗೆ ಹೋದ ಮೇಲೆ ಸಿಗುತ್ತಾಳೆ ಅಂದರೆ ಬಾಡಿಗೆ ಕೋಣೆಯೇ ಇರಬೇಕು.

ಗಂಗೂ ಹತ್ತಿರ ಬಾಯಿ ಬಿಟ್ಟೆ. ಅಂಗಡಿಯ ಒಡತಿ, ನನಗೆ ಅಕ್ಕನ ಹಾಗೆ. ಗಂಡನನ್ನು ಇಸ್ಪೀಟಿನಿಂದ ಬಿಡಿಸಿದವಳು. ಪೂರ್ತಿ ಕೇಳಿ, ಹಲ್ಲಲ್ಲಿ ದಾರ ಕಡಿದು ಹೇಳಿದಳು.

‘ಒಂದು ಮಗು ಆಗ್ಲಿ ನೋಡು, ಎಲ್ಲಿ ಹಾರ್ತ ಅವ. ದನ ಕೊಟ್ಟಿಗೆಗೆ ಬಂದಂಗೆ ಬತ್ತ ಮನೆಗೆ.’

‘ಮಗು ಬ್ಯಾಡ ಅಂತ ಪ್ಯಾಕೆಟ್ ತಂದಿಟ್ಟರೆ?’

‘ನಿನ್ ಕೈಲಿ ಎಂತ ಇದೆ?’

ನನ್ನ ಕೈಯಲ್ಲಿ ಗುಂಡಿ ಹಚ್ಚುವ ಸೂಜಿ ಇತ್ತು. ಇಬ್ಬರೂ ನಕ್ಕೆವು. ಅವಳು ತಮಾಷೆಗೆ ಅಂದದ್ದು.

ಮಾರ್ಚ್ 4

ಮಾಡಿಬಿಟ್ಟೆ.

ಇವರು ಕೆಲಸಕ್ಕೆ, ಅತ್ತೆ ಗದ್ದೆಗೆ. ಬಾಗಿಲು ಹಾಕಿ ಕೂತೆ. ಸಣ್ಣ ಕೈಸೂಜಿ. ಪ್ಯಾಕೆಟಿನ ಮೇಲಿಂದಲೇ, ನಡುವಿಗೆ. ತೆಳು ರೇಷ್ಮೆಗೆ ಹೊಲಿಗೆ ಹಾಕುವಾಗಿನ ಎಚ್ಚರ ಇತ್ತು ಕೈಯಲ್ಲಿ. ಯಾರಿಗೂ ಕಾಣುವುದಿಲ್ಲ. ಮೊದಲಿದ್ದ ಹಾಗೆ ಕ್ಯಾಲೆಂಡರಿನ ಕೆಳಗೆ ಇಟ್ಟೆ. ಮುಗಿದು ಹೊಸದು ತಂದರೆ ಅದಕ್ಕೂ ಇದೇ ಗತಿ.

ಪಾಪ ಅನ್ನಿಸಲಿಲ್ಲ. ನನ್ನ ಗಂಡ, ನನ್ನ ಮಗು. ಕದ್ದದ್ದು ಅವಳು, ನಾನಲ್ಲ.

ಮಾರ್ಚ್ 14, ಹೋಳಿ

ನಿನ್ನೆ ಕೆಲಸದ ಜಾಗದಲ್ಲಿ ಯಾರೋ ದೊಡ್ಡವರು ಬರುವವರಿದ್ದರಂತೆ. ನಸುಕಿಗೇ ಗೇಟಿನೊಳಗೆ ಹಾಕಿಕೊಂಡು ಸಂಜೆಯ ತನಕ ಯಾರನ್ನೂ ಬಿಡಲಿಲ್ಲ. ‘ಹಾಜರಿ’ ತಪ್ಪಿತು. ಇವತ್ತು ಬಣ್ಣದ ಗಲಾಟೆ, ಬಸ್ಸೂ ಸರಿಯಾಗಿಲ್ಲ.

ಬೆಳಿಗ್ಗೆಯಿಂದ ಇವರ ಅವತಾರ ನೋಡಬೇಕಿತ್ತು. ಆಕಳಿಕೆ ಮೇಲೆ ಆಕಳಿಕೆ. ಮೂಗು ಸುರಿಯುತ್ತಿದೆ. ಮೈಯೆಲ್ಲ ಮುಳ್ಳು. ಕಾಲು ಒಂದು ಕಡೆ ಇಡಲಾಗದು. ಸುಗ್ಗಿ ಕುಣಿತದವರು ತಲೆಗೆ ತುರಾಯಿ ಕಟ್ಟಿಕೊಂಡು ಅಂಗಳಕ್ಕೆ ಬಂದರು. ಪ್ರತಿ ವರ್ಷ ಇವರೇ ಗುಮಟೆ ಬಾರಿಸುವವರು. ಇವತ್ತು ಹೊದ್ದು ಮಲಗಿ ‘ಸದ್ದು ಬ್ಯಾಡ ಅನ್ನು’ ಅಂದರು. ಅತ್ತೆ ದೃಷ್ಟಿ ತೆಗೆದರು.

ನನಗೆ ಯಾವ ದೃಷ್ಟಿ ಅಂತ ಗೊತ್ತು. ಎರಡು ದಿನ ಅವಳನ್ನು ನೋಡಿಲ್ಲ. ಇಷ್ಟಕ್ಕೇ ಚಳಿಜ್ವರ. ನಾನು ಹೆರಿಗೆಗೆ ಅಂತ ಮೂರು ತಿಂಗಳು ತವರಿಗೆ ಹೋದರೂ ಈ ಮನುಷ್ಯನಿಗೆ ಒಂದು ಸೀನು ಬರಲಿಕ್ಕಿಲ್ಲ.

ಕೊನೆಗೆ ಪಕ್ಕದ ಮನೆ ಹುಲಿಯಾನ ಬೈಕು ಬೇಡಿ ತಗೊಂಡು ಹೋದರು. ಊಟದ ಹೊತ್ತಿಗೆ ಬಂದರು. ತಣ್ಣಗೆ. ಬಂಗಡೆ ಸಾರು ಎರಡು ಸಲ ಹಾಕಿಸಿಕೊಂಡರು. ‘ಜ್ವರ ಬಿಡ್ತು ನೋಡು’ ಅಂತ ಅತ್ತೆಗೆ ಸಂತೋಷ.

ನಾನು ಹಿತ್ತಿಲಿಗೆ ಹೋಗಿ ಅತ್ತುಬಿಟ್ಟೆ. ಅಳುವಾಗ ಅವನು ಅಂತಲೇ ಬೈದೆ. ಮರ್ಯಾದೆ ಗಿರ್ಯಾದೆ ಇಲ್ಲ. ಅವನು.

ಏಪ್ರಿಲ್ 9

ಇನ್ನು ತಡೆಯಲಾರೆ ಅನ್ನಿಸಿತು. ಕೈಯಾರೆ ಹಿಡಿಯಬೇಕು.

ರೋಷನನಿಗೆ ಫೋನು ಮಾಡಿ ಹೆದ್ದಾರಿಗೆ ಬರಲು ಹೇಳಿದೆ. ಇವರ ಬಸ್ಸು ಹೋದ ಮೇಲೆ ಮುಖಕ್ಕೆ ವೇಲ್ ಸುತ್ತಿಕೊಂಡು ಅವನ ಬೈಕಿನ ಹಿಂದೆ ಕೂತೆ. ‘ವೈನಿ, ಜಗಳ ಗಿಗಳ ಆದ್ರೆ ನನ್ನ ಹೆಸ್ರು ಹೇಳ್ಬೇಡಿ.’ ಆಯ್ತು ಮಾರಾಯ ಅಂದೆ.

ಕಾರವಾರದಲ್ಲಿ ಇಳಿದು ಹಿಂದೆ ಹಿಂದೆ ನಡೆದೆ. ಬಾಡಿಗೆ ಕೋಣೆ ಅಲ್ಲ. ಹಳೇ ಕಟ್ಟಡದ ಹಿಂಬದಿ, ಉದ್ದ ಬೆಂಚು, ಏಳೆಂಟು ಗಂಡಸರು. ಒಬ್ಬೊಬ್ಬರೇ ಒಳಗೆ. ಕಿಟಕಿಯಿಂದ ನೋಡಿದೆ.

ಇವರು ಬಾಯಿ ತೆರೆದು ಕೂತಿದ್ದರು. ನಾಲಿಗೆ ಮೇಲೆತ್ತಿ. ಒಬ್ಬ ಹೆಂಗಸು ಬಗ್ಗಿ, ಸಣ್ಣ ಟಾರ್ಚು ಹಿಡಿದು ಬಾಯೊಳಗೆ ನೋಡುತ್ತಿದ್ದಳು. ಅಷ್ಟು ಹತ್ತಿರ. ನಾನೂ ಆ ಬಾಯೊಳಗೆ ಹಾಗೆ ನೋಡಿದವಳಲ್ಲ.

ಒಳಗೆ ನುಗ್ಗಿದೆ. ‘ಎಂತಾ ಹುಡುಕ್ತಿಯೆ ಅವ್ರ ಬಾಯಲ್ಲಿ? ಮನೇಲಿ ಗಂಡ ಇಲ್ವೆ ನಿಂಗೆ?’ ಇನ್ನೂ ಏನೇನೋ. ಬೆಂಚಿನವರೆಲ್ಲ ಎದ್ದು ನಿಂತರು. ಇವರ ಮುಖ ಬೂದಿ ಬಣ್ಣ.

ಅವಳು ಟಾರ್ಚು ಆರಿಸಿದಳು. ‘ಮಾತ್ರೆ ಕರಗಿದ್ಯಾ ಅಂತ ನೋಡ್ತಿದ್ದೆ. ನೀವು ಭಾರತಿ ಅಲ್ವಾ? ಕೂತ್ಕೊಳ್ಳಿ ಅಕ್ಕಾ. ನಿಮ್ಮನ್ನ ಕರ್ಕೊಂಡು ಬನ್ನಿ ಅಂತ ದಿನಾ ಇವ್ರಿಗೆ ಹೇಳಿ ಹೇಳಿ ಸಾಕಾಯ್ತು ನಂಗೆ.’

ಕೂರಲಿಲ್ಲ. ಅವಳ ಬ್ಲೌಸಿನ ತೋಳು ಎಳೆಯುತ್ತಿತ್ತು, ಯಾರೋ ಕೆಟ್ಟದಾಗಿ ಕಟ್ ಮಾಡಿದ್ದಾರೆ. ಆ ಹೊತ್ತಿನಲ್ಲೂ ಅದೊಂದು ಸಮಾಧಾನ.

‘ಎಂತ ಮಾತ್ರೆ?’ ಎಂದೆ.

‘ಅದು ಅವರೇ ಹೇಳ್ಬೇಕು’ ಎಂದಳು.

ಅದೇ ದಿನ, ಸಂಜೆ

ಬೀಚಿನಲ್ಲಿ ಕೂತು ಹೇಳಿದರು. ಬಿಸಿಲಲ್ಲಿ. ಇವರು ಒಂದೇ ಸಮನೆ ಅಷ್ಟು ಮಾತಾಡಿದ್ದು ನಾನು ಕೇಳಿದ್ದಿಲ್ಲ.

‘ಸೂಜಿ ಚುಚ್ಕಂತಿದ್ದೆ. ನಶೆದು. ಮೊದಲು ಬೆನ್ನು ನೋವಿಗೆ ಅಂತ ಅಮಿತ ತಂದ. ಆಮೇಲೆ ಅದಿಲ್ದೆ ಆಗುದೇ ಇಲ್ಲ.’ ತೋಳು ಮಡಚಿ ತೋರಿಸಿದರು. ಮೊಳಕೈ ಒಳಗೆ ಕಪ್ಪು ಚುಕ್ಕಿಗಳು, ಗಂಟು.

‘ಎಷ್ಟು ದಿವಸದಿಂದ?’

‘ಮದುವೆ ಆಗಿ ಮುಂದಿನ ವರ್ಷದಿಂದ.’

ನಾನು ಅದೇ ಹಾಸಿಗೆಯಲ್ಲಿ ಇದ್ದೆ. ಏನೂ ಗೊತ್ತಿಲ್ಲ.

‘ಜನವರಿಯಲ್ಲಿ ಅಮಿತಗೆ ಜ್ವರ ಬಿಡ್ಲಿಲ್ಲ. ಟೆಸ್ಟ್ ಮಾಡ್ರು. ಎಚ್‌ಐವಿ. ನಾವಿಬ್ರೂ ಒಂದೇ ಸೂಜಿ, ಭಾರತಿ. ಒಬ್ರಾದ ಮೇಲೆ ಒಬ್ರು.’

ಸಮುದ್ರದ ಕಡೆ ನೋಡುತ್ತಿದ್ದರು. ರೂಪಾಲಿ ಇರುವ ಆ ಕೇಂದ್ರದಲ್ಲಿ ಕೊಡುವುದು ಸೂಜಿ ಬಿಡಿಸುವ ಮಾತ್ರೆಯಂತೆ. ದಿನಾ, ಭಾನುವಾರವೂ, ಅವರ ಕಣ್ಣೆದುರೇ ನಾಲಿಗೆ ಕೆಳಗೆ. ತಪ್ಪಿದರೆ ಮೈ ಮುರಿಯುತ್ತದೆ, ಚಳಿ ಬರುತ್ತದೆ. ಹೋಳಿ ದಿನ ಬಂದದ್ದು ಅದೇ.

‘ನಂದು ಮೊದಲ ಟೆಸ್ಟಲ್ಲಿ ಇಲ್ಲ ಅಂತ ಬಂತು. ಅದನ್ನ ಈಗ್ಲೇ ನಂಬೂಕೆ ಆಗುದಿಲ್ಲಂತೆ. ಕಡೀ ಸಲ ಚುಚ್ಕಂಡು ಮೂರು ತಿಂಗಳಾದ್ಮೇಲೆ ಇನ್ನೊಂದು. ಮೇ ಮೂರಕ್ಕೆ.’

ಆಮೇಲೆ ನನ್ನ ಕಡೆ ತಿರುಗಿದರು. ಆ ಮುಖ ನಾನು ಸಾಯುವ ತನಕ ಮರೆಯುವುದಿಲ್ಲ.

‘ನಿಂಗೆ ಎಂತಾ ಆಗುದಿಲ್ಲ. ಹೆದರಬ್ಯಾಡ. ಅಮಿತಂದು ಗೊತ್ತಾದ್ಮೇಲೆ ನಿನ್ನ ಹತ್ರ ಬರ್ಲಿಲ್ಲ, ಆಮೇಲೆ ಕೆಮಿಕಲ್ಲು ಅಂತ ಸುಳ್ಳು ಹೇಳಿ ಆ ಪ್ಯಾಕೆಟ್ ತಂದೆ. ಒಂದು ದಿವಸನೂ ತಪ್ಸಲಿಲ್ಲ. ನಾ ಮಾಡಿದ್ರಲ್ಲಿ ಅದೊಂದೇ ಸರಿಯಾಗಿದ್ದು.’

ನಾನು ಮಾತಾಡಬೇಕಿತ್ತು. ಅಲ್ಲೇ, ಆಗಲೇ. ಬಾಯಿ ಬರಲಿಲ್ಲ.

ಏಪ್ರಿಲ್ 10

ಆ ಪ್ಯಾಕೆಟ್‌ಗಳನ್ನು ಒಲೆಗೆ ಹಾಕಿದೆ. ಕೆಟ್ಟ ವಾಸನೆ. ಅತ್ತೆ ‘ಪ್ಲಾಸ್ಟಿಕ್ ಸುಡಬ್ಯಾಡ್ದೆ ಹೆಣೆ’ ಅಂದರು.

ಅಂಗಡಿಯಲ್ಲಿ ಗುಂಡಿ ಹಚ್ಚಲು ಕೂತೆ. ಸೂಜಿ ಹಿಡಿಯಲಾಗಲಿಲ್ಲ. ಕಣ್ಣು ಮಂಜು ಅಂತ ಗಂಗೂಗೆ ಹೇಳಿದೆ.

ಸಾಯುವ ಹೆದರಿಕೆ ಇದೆ. ಸುಳ್ಳು ಯಾಕೆ ಬರೆಯಲಿ. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಉರಿ. ಒಂದೇ ಸೂಜಿ ಅಂದರು. ಅಮಿತನ ರಕ್ತ ಇವರ ಮೈಯೊಳಗೆ. ನನ್ನ ಎಂಜಲು ಲೋಟದಲ್ಲಿ ನೀರು ಕುಡಿಯಲು ಮುಖ ಸಿಂಡರಿಸುವ ಮನುಷ್ಯ. ಆ ಸುಖಕ್ಕೆ ಅವನು. ಅದನ್ನು ಬಿಡಿಸುವುದಕ್ಕೆ ಅವಳು. ಎಲ್ಲದಕ್ಕೂ ಒಬ್ಬೊಬ್ಬರಿದ್ದಾರೆ. ನಾನು ಶರ್ಟು ಹೊಲಿಯುವುದಕ್ಕೆ.

ಏಪ್ರಿಲ್ 13, ಭಾನುವಾರ

ಜೊತೆಗೆ ಹೋದೆ. ಒಂದೇ ಸೀಟಿನಲ್ಲಿ ಕೂತು. ಹೊಸ ಮದುವೆಯವರ ಹಾಗೆ ಕಿಟಕಿ ಪಕ್ಕ ಬಿಟ್ಟುಕೊಟ್ಟರು.

ರೂಪಾಲಿ ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿದಳು. ಸೂಜಿಯಿಂದ ಹೇಗೆ ದಾಟುತ್ತದೆ, ಗಂಡ ಹೆಂಡಿರಲ್ಲಿ ಹೇಗೆ ದಾಟುತ್ತದೆ. ಒಂದೇ ತಟ್ಟೆಯಲ್ಲಿ ಉಂಡರೆ, ಮುಟ್ಟಿದರೆ ಬರುವುದಿಲ್ಲ. ಬಂದರೂ ಈಗ ಔಷಧ ಇದೆ, ಸರಿಯಾಗಿ ತಗೊಂಡವರು ಎಲ್ಲರ ಹಾಗೆ ಬದುಕಬಹುದು, ಅಮಿತನೂ ಶುರು ಮಾಡಿದ್ದಾನೆ. ಆದರೆ ಸೂಜಿ ಪೂರ್ತಿ ಬಿಟ್ಟಿಲ್ಲ, ಅದೇ ಚಿಂತೆ.

‘ಕಾಂಡೋಮ್ ಬಳಸ್ತಿದ್ದೀರಲ್ಲ?’

‘ಒಂದು ದಿವಸನೂ ತಪ್ಸಲಿಲ್ಲ ಮೇಡಂ.’ ಶಾಲೆಯಲ್ಲಿ ಬಹುಮಾನ ತಗೊಂಡವರ ಹಾಗೆ ಕೂತಿದ್ದರು.

‘ನಿಮ್ಮಂಥೋರು ಕಡಿಮೆ ಜಗದೀಶ’ ಎಂದಳು. ಇವರ ಕಿವಿ ಕೆಂಪಾಯಿತು. ನಾನು ಹೊಗಳಿದರೆ ಯಾವತ್ತೂ ಹಾಗೆ ಕೆಂಪಾಗಿಲ್ಲ. ಹೊಗಳಿದ್ದೇನೆಯೇ ಅಂತ ಆಮೇಲೆ ಯೋಚಿಸಿದೆ. ನೆನಪಾಗಲಿಲ್ಲ.

ಹೊರಡುವಾಗ ಕಾಗದದ ಚೀಲದಲ್ಲಿ ಹೊಸ ಪ್ಯಾಕೆಟ್ ಕೊಟ್ಟಳು, ನನ್ನ ಕೈಗೇ. ಸವತಿ ಕೊಟ್ಟ ಸೀರೆಯ ಹಾಗೆ ಹಿಡಿದುಕೊಂಡು ಬಂದೆ. ಸವತಿ ಅಲ್ಲ ಅಂತ ಗೊತ್ತಿದೆ. ಗೊತ್ತಾದರೆ ಉರಿ ಆರಬೇಕಲ್ಲ, ಆರುವುದಿಲ್ಲ. ನನ್ನ ಹತ್ತಿರ ಹೇಳದ್ದನ್ನೆಲ್ಲ ಅವಳ ಹತ್ತಿರ ಹೇಳಿದ್ದಾರೆ.

ಏಪ್ರಿಲ್ 20

ಮುಟ್ಟು ಬಂದಿಲ್ಲ. ಹೆದರಿಕೆಗೆ ಮುಂದೆ ಹೋಗಿರಬೇಕು ಅಂದುಕೊಂಡಿದ್ದೆ.

ಮೆಡಿಕಲ್ ಶಾಪಿನಿಂದ ಬಸಿರು ನೋಡುವ ಪಟ್ಟಿ ತಂದು ಬಚ್ಚಲಲ್ಲಿ ನೋಡಿದೆ. ಎರಡು ಗೆರೆ.

ಇದೇ ಗೆರೆಗೆ ಎಷ್ಟು ತಿಂಗಳು ಕಾದಿದ್ದೆ. ಈಗ ನೋಡಿ ಬಚ್ಚಲ ಗೋಡೆಗೆ ತಲೆ ಒತ್ತಿ ನಿಂತೆ. ಇವರಿಗೆ ಅದು ಇದ್ದರೆ, ನನಗೂ ಇರಬಹುದು. ನನಗಿದ್ದರೆ ಒಳಗಿರುವುದಕ್ಕೂ. ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಮಾಡಿದವಳು ಉಣ್ಣಲಿ. ಅದು ಯಾಕೆ ಉಣ್ಣಬೇಕು?

ಏಪ್ರಿಲ್ 23

ಯಾರ ಹತ್ತಿರ ಹೇಳಲಿ. ಅತ್ತೆಗೆ ಆಗದು. ಗಂಗೂಗೆ ಹೇಳಿದರೆ ಅವಳ ತಮಾಷೆಯ ಭಾರ ಅವಳು ಹೊರಬೇಕು. ಉಳಿದವಳು ಒಬ್ಬಳೇ.

ಮಧ್ಯಾಹ್ನ ಇವರಿಲ್ಲದ ಹೊತ್ತು ನೋಡಿ ಕಾರವಾರಕ್ಕೆ ಹೋದೆ. ರೂಪಾಲಿ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದಳು. ನಿಂತೇ ಹೇಳಿದೆ. ಸೂಜಿ, ಪ್ಯಾಕೆಟ್, ಎರಡು ಗೆರೆ. ಯಾರಿಗಾಗಿ ಮಾಡಿದೆ ಅನ್ನುವುದನ್ನೂ ಬಿಡಲಿಲ್ಲ. ‘ನಿಮ್ಮ ಮೇಲಿನ ಹೊಟ್ಟೆಕಿಚ್ಚಿಗೆ’ ಎಂದೆ.

ತುತ್ತನ್ನು ಡಬ್ಬಿಗೇ ಇಟ್ಟಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು.

‘ಕೂತ್ಕೊಳ್ಳಿ. ಊಟ ಆಗಿದ್ಯಾ?’

ರಕ್ತ ತೆಗೆಸಿದಳು. ಸ್ವಲ್ಪ ಹೊತ್ತಲ್ಲೇ ಹೇಳಿದರು, ಸದ್ಯಕ್ಕೆ ಇಲ್ಲ ಅಂತ. ಸದ್ಯಕ್ಕೆ. ನನ್ನದೂ ಮತ್ತೆ ನೋಡಬೇಕು. ‘ಜಗದೀಶಂದು ಇಲ್ಲ ಅಂತ ಬಂದ್ರೆ ನಿಮ್ಗೂ ಭಯ ಇಲ್ಲ. ಇದೆ ಅಂತ ಬಂದ್ರೂ ಕೈ ಮೀರಿದ್ದಲ್ಲ. ಬೇಗ ಔಷಧ ಶುರು ಮಾಡಿದ್ರೆ ಮಗೂಗೆ ಬರದ ಹಾಗೆ ನೋಡ್ಕೋಬಹುದು. ಆದ್ರೆ ಅವರಿಗೆ ಗೊತ್ತಾಗ್ಬೇಕು, ಭಾರತಿ. ನಾನು ಹೇಳೋದಿಲ್ಲ. ನೀವೇ ಹೇಳಿ.’

‘ಹೇಳಿದ್ರೆ ಮತ್ತೆ ಸೂಜಿಗೆ ಹೋದ್ರೆ?’

ಅವಳು ಡಬ್ಬಿ ಮುಚ್ಚಿ ಬದಿಗಿಟ್ಟಳು. ‘ಒಟ್ಟಿಗೆ ಇಲ್ಲಿಗೆ ಬನ್ನಿ, ಇಲ್ಲೇ ಹೇಳಿ’ ಎಂದಳು. ಬೇಡ ಎಂದೆ. ನನ್ನ ಗಂಡನಿಗೆ ಹೇಳಲು ಅವಳ ಕುರ್ಚಿ ಬೇಕೇ?

ಏಪ್ರಿಲ್ 26

ಹೇಳುವ ಮೊದಲೇ ಅತ್ತೆ ಹೇಳಿಬಿಟ್ಟರು.

ಬೆಳಿಗ್ಗೆ ಬಂಗಡೆ ತೊಳೆಯುವಾಗ ವಾಂತಿ ಬಂತು. ಅತ್ತೆ ಮುಖ ನೋಡಿದರು, ಕಣ್ಣು ನೋಡಿದರು, ಕೇಳದೆಯೇ ತಿಳಿದುಕೊಂಡರು. ಇವರು ಸಂಜೆ ಬಂದು ಚಪ್ಪಲಿ ಬಿಡುತ್ತಿದ್ದಂತೆ, ‘ತಮಾ, ಬಾಯಿ ತೆಗಿ’ ಅಂತ ಬೆಲ್ಲ ತುರುಕಿದರು. ‘ಅಪ್ಪ ಆಗ್ತೆ ನೀ.’

ಇವರು ಬೆಲ್ಲ ಬಾಯಲ್ಲಿಟ್ಟುಕೊಂಡು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಉಂಡು ಮಲಗಿದರು. ಗೋಡೆ ಕಡೆ ತಿರುಗಿ.

ಹೆದರಿದ್ದಾರೆ, ಪಾಪ.

ಏಪ್ರಿಲ್ 29

ಮಧ್ಯಾಹ್ನ ಅಂಗಡಿ ಬಾಗಿಲಲ್ಲಿ ನಿಂತಿದ್ದರು. ಕೆಲಸ ಬಿಟ್ಟು. ಈ ಮೂರು ವರ್ಷದಲ್ಲಿ ಅಂಗಡಿಗೆ ಕಾಲಿಟ್ಟವರಲ್ಲ.

ಅದೇ ಹೊತ್ತಿಗೆ ರೋಷನ ಮೇಜಿನ ಮೇಲೆ ಲೇಸು ಹರಡಿ ಹಲ್ಲು ಕಿಸಿಯುತ್ತಿದ್ದ. ‘ವೈನಿ, ಮತ್ತೆ ಎಲ್ಲಿಗಾದ್ರೂ ಬಿಡ್ಬೇಕಾದ್ರೆ ಹೇಳಿ.’ ಇವರು ಕೇಳಿಸಿಕೊಂಡರು. ಬಂದ ಹಾಗೇ ತಿರುಗಿ ಹೋದರು.

ಸಂಜೆ ಬಚ್ಚಲಿಂದ ಬಂದಾಗ ನನ್ನ ಮೊಬೈಲು ಇವರ ಕೈಯಲ್ಲಿ.

‘ಯಾರು ರೋಷನ?’

‘ಲೇಸಿನವ.’

‘ಲೇಸಿಗೆ ಇಷ್ಟು ಫೋನೆ? ಹುಲಿಯಾ ನೋಡಿದ್ನಂತೆ. ಮುಖ ಮುಚ್ಕಂಡು ಬೈಕಲ್ಲಿ ಹೋಗಿದ್ಯಂತೆ.’

ನಿಮ್ಮ ಹಿಂದೆ ಬರಲು ಹೋದದ್ದು ಎಂದೆ. ಇವರು ತಲೆ ಅಲ್ಲಾಡಿಸಿದರು, ನಂಬದವರು ಅಲ್ಲಾಡಿಸುವ ಹಾಗೆ. ಆಮೇಲೆ ಮೆಲ್ಲಗೆ ಹೇಳಿದರು. ‘ನಾ ಒಂದು ದಿವಸನೂ ತಪ್ಸಲಿಲ್ಲ ಭಾರತಿ.’

ಆಗ ಹೊಳೆಯಿತು ನನಗೆ. ದಡ್ಡಿ. ರೋಗದ ಲೆಕ್ಕ ಹಾಕುತ್ತ ಕೂತಿದ್ದೆ, ಈ ಲೆಕ್ಕ ಹಾಕಿರಲೇ ಇಲ್ಲ. ಪ್ಯಾಕೆಟ್ ತಪ್ಪಿಲ್ಲ. ಮಗು ಬಂದಿದೆ. ಹಾಗಾದರೆ ಬೇರೆ ಯಾರೋ.

ಏಪ್ರಿಲ್ 30

ಇದನ್ನು ಬರೆಯಲು ನಾಚಿಕೆ. ಬರೆಯುತ್ತೇನೆ.

ನಿನ್ನೆ ಅಷ್ಟಾದ ಮೇಲೂ ಎದೆಯ ಒಂದು ಮೂಲೆಯಲ್ಲಿ ಖುಷಿ. ನನಗಾಗಿ ಕೆಲಸ ಬಿಟ್ಟು ಬಂದರು. ನನ್ನ ಮೊಬೈಲು ಹುಡುಕಿದರು. ರೋಷನನಂಥ ಒಣಕಲನ ಮೇಲೆ ಇವರಿಗೆ ಹೊಟ್ಟೆಕಿಚ್ಚು. ನಾನು ಉರಿದ ಉರಿ ಈಗ ಇವರಿಗೂ ಹತ್ತಿದೆ. ಉರಿಯಲಿ ಇನ್ನೊಂದು ದಿನ ಅನ್ನಿಸಿತು. ಗಂಜಿ ಬಡಿಸುವಾಗ ಹಾಡು ಗುನುಗಿದೆ.

ಇವರು ಗಂಜಿ ಮುಟ್ಟದೆ ಎದ್ದು ಹೋದರು. ಹೇಳುತ್ತೇನೆ ನಾಳೆ.

ಮೇ 2

ನಾಳೆ ನಾಳೆ ಅಂತ ನಿನ್ನೆಯೂ ಕಳೆಯಿತು. ಇವರು ರಾತ್ರಿ ತಡವಾಗಿ ಬಂದು ಮುಖ ಕೊಡದೆ ಮಲಗಿದರು, ನಸುಕಿಗೇ ಹೊರಟರು.

ಬೆಳಿಗ್ಗೆ ರೂಪಾಲಿ ನನಗೇ ಫೋನು ಮಾಡಿದಳು. ‘ಜಗದೀಶ ನಿನ್ನೆನೂ ಬರ್ಲಿಲ್ಲ, ಇವತ್ತೂ ಇಲ್ಲ. ಫೋನು ಸ್ವಿಚ್ ಆಫ್. ನೀವು ಹೇಳಿದ್ರಾ?’

‘ಇಲ್ಲ.’

‘ನಾಳೆ ಟೆಸ್ಟು’ ಎಂದಳು. ‘ಎರಡು ದಿನ ಮಾತ್ರೆ ಇಲ್ದೆ ಅವರಿಗೆ ತಡೆಯೋಕೆ ಆಗೋದಿಲ್ಲ. ಎಲ್ಲಿಗೆ ಹೋಗ್ತಾರೆ ಗೊತ್ತಲ್ಲ.’

ಗೊತ್ತು. ಮಾತ್ರೆ ಇಲ್ಲ ಅಂದರೆ ಸೂಜಿ. ಸೂಜಿ ಅಂದರೆ ಅಮಿತ. ಇಷ್ಟು ದಿನ ದಾಟದೆ ಇದ್ದದ್ದು ಇವತ್ತು ದಾಟಬಹುದು. ಮೊದಲು ರೂಪಾಲಿ ಅಂತ ಉರಿದೆ, ಆಮೇಲೆ ಇವರ ಉರಿ ನೋಡಿ ಹಿಗ್ಗಿದೆ. ಅದರ ನಡುವೆ ಮನುಷ್ಯನನ್ನು ನಾನೇ ಆ ಮನೆ ಬಾಗಿಲಿಗೆ ಅಟ್ಟಿದೆ.

ಅಂಗಡಿಗೆ ಹೋಗಲಿಲ್ಲ. ಚೆಂಡಿಯಾಕ್ಕೆ ಹೋದೆ. ಅಮಿತನ ಮನೆಗೆ ಬೀಗ. ಅರ್ಗಾ ಗೇಟಿನಲ್ಲಿ ಕೇಳಿದೆ, ಎರಡು ದಿನದಿಂದ ಬಂದಿಲ್ಲ ಎಂದರು. ರೂಪಾಲಿ ಕಾರವಾರದಲ್ಲಿ ಹುಡುಕುತ್ತಿದ್ದಾಳೆ. ಗಂಟೆಗೊಮ್ಮೆ ಫೋನು ಮಾಡುತ್ತಾಳೆ. ಅವಳ ಹೆಸರು ನನ್ನ ಮೊಬೈಲಿನಲ್ಲಿ ಬಂದಾಗಲೆಲ್ಲ ಜೀವ ಬರುತ್ತದೆ.

ಮೇ 2, ಸಂಜೆ

ಬಂದರು. ನಡೆದುಕೊಂಡು. ಮೂಗು ಸುರಿಯುತ್ತಿದೆ, ಮೈ ನಡುಗುತ್ತಿದೆ. ಅದನ್ನು ನೋಡಿ ನನಗೆ ಸಂತೋಷವಾಯಿತು. ನಡುಕ ಇದೆ ಅಂದರೆ ಚುಚ್ಚಿಕೊಂಡಿಲ್ಲ.

ಅತ್ತೆ ದನ ಕಟ್ಟಲು ಹೋಗಿದ್ದರು. ಹಿತ್ತಿಲ ಕಲ್ಲಿನ ಮೇಲೆ ಕೂರಿಸಿದೆ.

‘ಅಮಿತನ ಹತ್ರ ಹೋಗಿದ್ದೆ’ ಎಂದರು. ‘ತುಂಬಿಸಿ ಕೈಲಿ ಕೊಟ್ಟ. ತಕಂಡೆ. ಆಮೇಲೆ ವಾಪಸ್ ಕೊಟ್ಟೆ. ಒಂದು ಕೇಳಿ ಸಾಯುವ ಅಂತ ಬಂದೆ. ಯಾರದು?’

ಹೇಳಿದೆ. ಹಿಂದೆ ಮುಂದೆ ಇಲ್ಲದೆ. ರೂಪಾಲಿಯ ಫೋನು, ಗಂಗೂ ಅಂದ ಮಾತು, ಬಾಗಿಲು ಹಾಕಿ ಕೂತದ್ದು, ಕೈಸೂಜಿ. ನಿಮ್ಮನ್ನು ಕಟ್ಟಿ ಹಾಕಲು ಮಾಡಿದೆ ಎಂದೆ. ಬೀಚಿನಲ್ಲಿ ಹೇಳಬೇಕಿತ್ತು, ಬಾಯಿ ಬರಲಿಲ್ಲ ಎಂದೆ.

‘ಹಂಗಾರೆ ಅದು ನಂದೇ?’

‘ನಿಮ್ದೇ.’

‘ರೋಷನ?’

‘ಲೇಸು ಮಾರ್ತ.’

ನಕ್ಕರು. ನಡುಗುವ ಮೈಯಲ್ಲೇ, ಮುಖ ತುಂಬ. ಎಷ್ಟು ದಿನವಾಗಿತ್ತು ಆ ನಗು ನೋಡಿ. ನನ್ನ ಕೈ ಎರಡೂ ಹಿಡಿದುಕೊಂಡು ‘ನಂದೇ’ ಎಂದರು. ನಾನೂ ನಕ್ಕೆ. ಹುಚ್ಚರ ಹಾಗೆ ಇಬ್ಬರೂ ನಕ್ಕೆವು, ಬೇರೆ ಯಾರೂ ಇಲ್ಲ ಅನ್ನುವ ಒಂದೇ ಖುಷಿಗೆ.

ಆಮೇಲೆ ಹಿಡಿತ ಸಡಿಲವಾಯಿತು. ನಗು ಇನ್ನೂ ಮುಖದ ಮೇಲಿತ್ತು, ಕಣ್ಣು ಮಾತ್ರ ನನ್ನ ಹೊಟ್ಟೆಯ ಕಡೆ ಇಳಿಯಿತು.

‘ಎಲ್ಲಾ ಪ್ಯಾಕೆಟಿಗೂ?’ ಎಂದರು.

ಹೂಂ ಎಂದೆ.

ಕೈ ಬಿಟ್ಟರು. ಮುಟ್ಟಿದರೆ ಬರುವುದಿಲ್ಲ ಅಂತ ಗೊತ್ತಿದ್ದವರೇ, ಆದರೂ ಬಿಟ್ಟರು. ಎದ್ದು ಹೋಗಿ ಬೇಲಿ ಹತ್ತಿರ ನಿಂತಿದ್ದಾರೆ. ಕರೆದೆ, ತಿರುಗಲಿಲ್ಲ. ರೂಪಾಲಿಗೆ ಫೋನು ಮಾಡಿದೆ, ಈಗಲೇ ಬಂದರೂ ಮಾತ್ರೆ ಕೊಡುತ್ತೇನೆ, ಕಾಯುತ್ತೇನೆ ಎಂದಳು. ಹುಲಿಯಾನ ಬೈಕು ಕೇಳಬೇಕು. ಇಷ್ಟೇ ಬರೆದು ಏಳುತ್ತೇನೆ, ಇವರು ಬೇಲಿ ದಾಟುವ ಮೊದಲು ನಾನು ಹೋಗಿ ಕೈ ಹಿಡಿಯಬೇಕು.